ಗುಂಡಿಯ ಊರು

ಕನ್ನಡದಲ್ಲಿ ‘ಗುಂಡಿ’ ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು: ನೆಲದಲ್ಲಿ ತೋಡಿದ ಕುಳಿಯೊಂದು, ಅಂಗಿಗೆ ಹೊಲಿಯುವ ಬಿಲ್ಲೆಯೊಂದು. ತರಗತಿಯಲ್ಲಿ ಈ ಮಾತು ಬಂದಾಗಲೆಲ್ಲ ಹುಡುಗರು ನಗುತ್ತಾರೆ. ಈ ಎರಡು ಅರ್ಥಗಳೂ ಒಟ್ಟಿಗೆ ಸಲ್ಲುವ ಊರೊಂದು ಭೂಮಿಯ ಮೇಲಿದೆಯೆಂದರೆ ವಾಚಕರು ನನ್ನನ್ನೂ ನೋಡಿ ನಕ್ಕಾರು. ಅಮೆರಿಕದ ಅಯೋವ ಸಂಸ್ಥಾನದಲ್ಲಿ, ಮಿಸಿಸಿಪಿ ನದಿಯ ದಡದಲ್ಲಿರುವ ಮಸ್ಕಟೀನ್ ಆ ಊರು.

ಊರು ದೊಡ್ಡದಲ್ಲ. ಮಾರ್ಕ್ ಟ್ವೇನ್ ತಾರುಣ್ಯದಲ್ಲಿ ಕೆಲಕಾಲ ಇಲ್ಲಿದ್ದು, ಇಲ್ಲಿಯ ಸೂರ್ಯಾಸ್ತಕ್ಕೆ ಸಮನಾದುದನ್ನು ಬೇರೆಲ್ಲಿಯೂ ಕಾಣಲಿಲ್ಲವೆಂದು ಮುಂದೆ ಬರೆದನು. ಆ ಕಾಲದಲ್ಲಿ ಊರಿನ ಜೀವನಾಧಾರ ಮರದ ವ್ಯಾಪಾರ. ಉತ್ತರದ ಕಾಡುಗಳಲ್ಲಿ ಕಡಿದ ಪೈನ್ ದಿಮ್ಮಿಗಳು ನದಿಯಲ್ಲಿ ತೇಲಿಬರುತ್ತಿದ್ದವು. ಇಲ್ಲಿಯ ಗಿರಣಿಗಳು ಅವನ್ನು ಕೊಯ್ದು ಹಲಗೆ ಮಾಡುತ್ತಿದ್ದವು. ಕಾಡು ಬರಿದಾಯಿತು, ಗಿರಣಿಗಳು ಒಂದೊಂದಾಗಿ ನಿಂತವು. ಇಷ್ಟರಲ್ಲಿ ಊರಿಗೆ ಬೇರೊಂದು ಕಸುಬು ಸಿಕ್ಕಿತ್ತು.

ಅದನ್ನು ತಂದವನು ಜಾನ್ ಬೆಪ್ಲೆ ಎಂಬ ಜರ್ಮನ್ ಕುಶಲಕರ್ಮಿ. ಹ್ಯಾಂಬರ್ಗಿನ ಬಳಿಯ ಊರಿನವನು. ಕೊಂಬು, ಚಿಪ್ಪುಗಳಿಂದ ಗುಂಡಿ ಕಡೆಯುವುದರಲ್ಲಿ ಕೈ ಪಳಗಿದವನು. ೧೮೯೦ರಲ್ಲಿ ಅಮೆರಿಕ ಸರ್ಕಾರ ಹೊರದೇಶದ ಗುಂಡಿಗಳ ಮೇಲೆ ಭಾರಿ ಸುಂಕ ಹೇರಿತು. ಕಡಲ ಚಿಪ್ಪಿನ ಗುಂಡಿ ದುಬಾರಿಯಾಯಿತು. ಮಿಸಿಸಿಪಿಯ ಕಪ್ಪೆಚಿಪ್ಪುಗಳಲ್ಲಿಯೂ ಅದೇ ಮುತ್ತಿನ ಹೊಳಪುಂಟೆಂದು ಕಂಡುಕೊಂಡ ಬೆಪ್ಲೆ, ೧೮೯೧ರಲ್ಲಿ ಕಾಲಿನಿಂದ ತುಳಿದು ನಡೆಸುವ ಕಡೆಯುವ ಯಂತ್ರವೊಂದನ್ನಿಟ್ಟುಕೊಂಡು ಮಸ್ಕಟೀನಿನಲ್ಲಿ ಕೆಲಸ ತೊಡಗಿದನು. ಗುಟ್ಟು ಬಹುಕಾಲ ಉಳಿಯಲಿಲ್ಲ. ನೋಡನೋಡುತ್ತ ಊರಿನ ತುಂಬ ಗುಂಡಿಯ ಅಂಗಡಿಗಳು ಎದ್ದವು. ೧೯೦೫ರಲ್ಲಿ ಈ ಊರು ಮಾಡಿದ ಗುಂಡಿಗಳು ೧೫೦ ಕೋಟಿಯೆಂದು ಲೆಕ್ಕ ಹೇಳುತ್ತಾರೆ. ಅಂದರೆ ಪ್ರಪಂಚದ ಗುಂಡಿಗಳಲ್ಲಿ ಮೂರರಲ್ಲೊಂದಕ್ಕಿಂತ ಹೆಚ್ಚು.

ಕೆಲಸದ ಬಗೆ ಕೇಳಿ. ನದಿಯ ತಳದಲ್ಲಿ ಕಪ್ಪೆಚಿಪ್ಪು ಬಾಯಿ ತೆರೆದು ಕುಳಿತಿರುತ್ತದೆ. ಏನಾದರೂ ಸೋಕಿದೊಡನೆ ಬಾಯಿ ಬಿಗಿಯುವುದು ಅದರ ಸ್ವಭಾವ. ಆ ಸ್ವಭಾವವೇ ಅದಕ್ಕೆ ಮುಳುವು. ಚಪ್ಪಟೆ ದೋಣಿಯಲ್ಲಿ ಬರುವವರು ಉದ್ದನೆಯ ಕಂಬಿಗೆ ಸಾಲಾಗಿ ಕೊಕ್ಕೆಗಳನ್ನು ಕಟ್ಟಿ ತಳದಲ್ಲಿ ಎಳೆಯುವರು. ಆ ಕೊಕ್ಕೆಗೆ ‘ಕಾಗೆಕಾಲು’ ಎಂದು ಹೆಸರು. ಕಚ್ಚಿದ ಚಿಪ್ಪು ಕೊಕ್ಕೆಯೊಡನೆಯೇ ಮೇಲೆ ಬರುವುದು. ದಡದಲ್ಲಿ ಬಿಡಾರ ಹೂಡಿ, ಚಿಪ್ಪುಗಳನ್ನು ಬೇಯಿಸಿ ಮಾಂಸ ತೆಗೆಯುತ್ತಿದ್ದರು. ನಾತ ಸಹಿಸಲಸಾಧ್ಯ, ಆದರೆ ಮಾಂಸದ ನಡುವೆ ಎಂದಾದರೊಂದು ದಿನ ನಿಜವಾದ ಮುತ್ತು ಸಿಕ್ಕೀತೆಂಬ ಆಸೆ ಅವರನ್ನು ಅಲ್ಲಿ ಕೂಡಿಸಿತ್ತು. ಚಿಪ್ಪುಗಳಿಗೆ ಅವರಿಟ್ಟ ಹೆಸರುಗಳೂ ಸೊಗಸು: ಹಂದಿಗೊರಸು, ಆನೆಕಿವಿ, ಮಂಗಮುಖ, ಬಟ್ಟೆಯೊಗೆಯುವ ಹಲಗೆ. ನಿಘಂಟುಕಾರರಿಗೆ ಹೊಳೆಯದ ಹೆಸರುಗಳು ಬೆಸ್ತರಿಗೆ ಹೊಳೆಯುತ್ತವೆ.

ಅಂಗಡಿಯಲ್ಲಿ ಚಿಪ್ಪನ್ನು ಕೆಲವು ದಿನ ನೀರಿನಲ್ಲಿ ನೆನೆಸಿ, ಕೊಳವೆಯಾಕಾರದ ಗರಗಸದಿಂದ ಬಿಲ್ಲೆಗಳನ್ನು ಕೊರೆಯುವರು. ಇದು ಗಂಡಸರ ಕೆಲಸ. ಅದನ್ನು ಸಮ ಮಾಡಿ, ಕಣ್ಣು ತೂತುಮಾಡುವುದು ಯಂತ್ರದ ಮುಂದೆ ಕುಳಿತ ಹೆಣ್ಣುಮಕ್ಕಳ ಪಾಲು. ಸಿದ್ಧವಾದ ಗುಂಡಿಗಳನ್ನು ರಟ್ಟಿಗೆ ಹೊಲಿಯುವ ಕೆಲಸ ಮನೆಮನೆಗೆ ಹೋಗುತ್ತಿತ್ತು. ರಾತ್ರಿಯೂಟ ಮುಗಿದ ಮೇಲೆ ತಾಯಿ ಮಕ್ಕಳೆಲ್ಲ ಅದೇ ಮೇಜಿನ ಸುತ್ತ ಕುಳಿತು ಹೊಲಿಯುವರು. ಕೊರೆಯುವವರ ಕೈ ಸದಾ ಒದ್ದೆ, ಗಾಯ ವಾಸಿಯಾಗುತ್ತಿರಲಿಲ್ಲ. ಚಿಪ್ಪಿನ ಧೂಳು ಎದೆಗಿಳಿಯುತ್ತಿತ್ತು.

ಇನ್ನು ಕೂಲಿಯ ಮಾತು. ಒಂದು ಗ್ರೋಸ್ ಎಂದರೆ ಹನ್ನೆರಡು ಡಜನ್, ೧೪೪ ಎಂದು ನಮ್ಮ ಲೆಕ್ಕದ ಪುಸ್ತಕ ಹೇಳುವುದು. ಮಸ್ಕಟೀನಿನ ಯಜಮಾನರ ಗ್ರೋಸಿನಲ್ಲಿ ಹದಿನಾಲ್ಕು ಡಜನ್! ಹಾಳಾಗುವ ಬಿಲ್ಲೆಗಳ ಬಾಬ್ತೆಂದು ೧೬೮ ಕೊರೆಸಿ, ೧೪೪ಕ್ಕೆ ಕೂಲಿ ಕೊಡುತ್ತಿದ್ದರು. ಎಣಿಸುವವನೂ ಯಜಮಾನನ ಆಳೇ. ಮಗ್ಗಿ ಬಲ್ಲ ಯಾವ ಮಗುವಿಗಾದರೂ ಇದು ಅನ್ಯಾಯವೆಂದು ತೋರದಿರದು. ೧೯೧೦ರ ಕೊನೆಗೆ ಕೆಲಸಗಾರರು ಸಂಘ ಕಟ್ಟಿದರು. ೧೯೧೧ರ ಫೆಬ್ರವರಿಯಲ್ಲಿ ಯಜಮಾನರು ಕಾರಖಾನೆಗಳ ಬಾಗಿಲು ಮುಚ್ಚಿದರು. ಸುಮಾರು ಎರಡೂವರೆ ಸಾವಿರ ಮಂದಿ ಬೀದಿಗೆ ಬಂದರು. ಏಪ್ರಿಲಿನಲ್ಲಿ ಸಂಸ್ಥಾನದ ಗವರ್ನರು ಸೈನ್ಯವನ್ನೇ ಕಳುಹಿಸಬೇಕಾಯಿತು. ನೆರೆಹೊರೆಯವರು ಎದುರುಬದುರಾದರು. ಸಂಘದ ಪರವಾಗಿ ದೂರದ ನಗರಗಳಿಗೆ ಹೋಗಿ ಮಾತನಾಡಿ ಹಣ ಕೂಡಿಸಿದವಳು ಹದಿಹರೆಯದ ಹುಡುಗಿ, ಪರ್ಲ್ ಮೆಗಿಲ್. ಹೆಸರಿನ ಅರ್ಥವೇ ಮುತ್ತು! ಕೊನೆಗೆ ಸಂಘ ಸೋತಿತು. ಆಕೆ ಮುಂದೆ ಶಾಲೆಯ ಉಪಾಧ್ಯಾಯಿನಿಯಾದಳೆಂಬುದು, ಅದೇ ವೃತ್ತಿಯವನಾದ ನನಗೆ ಹೆಮ್ಮೆಯ ವಿಷಯ.

ನದಿಯ ಪಾಡೇನಾಯಿತು? ಕಪ್ಪೆಚಿಪ್ಪು ಬೆಳೆಯಲು ಹಲವಾರು ವರ್ಷ ಬೇಕು. ಎದುರು ದಡದ ನ್ಯೂ ಬಾಸ್ಟನ್ ಬಳಿ ಎರಡು ಮೈಲಿ ಉದ್ದದ ಒಂದೇ ಹಾಸಿನಿಂದ ಮೂರು ವರ್ಷಗಳಲ್ಲಿ ಸುಮಾರು ಹತ್ತು ಸಾವಿರ ಟನ್ ತೆಗೆದರು, ಮತ್ತೆ ತುಂಬುವುದೆಂತು? ಮರಿಯಾಗಿದ್ದಾಗ ಇವು ಮೀನಿನ ಕಿವಿರಿಗೆ ಅಂಟಿಕೊಂಡು ಕೆಲವು ವಾರ ಬದುಕುತ್ತವೆ. ಇದನ್ನು ತಿಳಿದು ಚಿಪ್ಪುಗಳ ಸಂತತಿ ಬೆಳೆಸಲೆಂದು ಸರ್ಕಾರ ಹತ್ತಿರದ ಫೇರ್‌ಪೋರ್ಟಿನಲ್ಲಿ ಕೇಂದ್ರವೊಂದನ್ನು ತೆರೆಯಿತು. ತನ್ನ ಉದ್ಯಮದಿಂದಲೇ ಹೊರಬಿದ್ದಿದ್ದ ಬೆಪ್ಲೆ ಅಲ್ಲಿ ಕೆಲಸಕ್ಕೆ ಸೇರಿದನು. ನದಿಯಲ್ಲಿ ಚಿಪ್ಪು ಹುಡುಕುತ್ತ ನಡೆದಾಗ ಚಿಪ್ಪೊಂದು ಅವನ ಕಾಲನ್ನು ಕೊಯ್ದಿತು. ಗಾಯ ನಂಜೇರಿ ೧೯೧೨ರಲ್ಲಿ ತೀರಿಕೊಂಡನು.

ಆಮೇಲೆ ಜಿಪ್ ಬಂದಿತು, ಪ್ಲಾಸ್ಟಿಕ್ ಬಂದಿತು. ಬಟ್ಟೆಯೊಗೆಯುವ ಯಂತ್ರಕ್ಕೆ ಚಿಪ್ಪಿನ ಗುಂಡಿ ತಾಳಲಿಲ್ಲ. ೧೯೬೦ರ ದಶಕದಲ್ಲಿ ಚಿಪ್ಪು ಕೊರೆಯುವ ಕೆಲಸ ನಿಂತೇಹೋಯಿತು. ಆದರೂ ಮಿಸಿಸಿಪಿಯ ಚಿಪ್ಪಿಗೆ ಬೇಡಿಕೆ ನಿಲ್ಲಲಿಲ್ಲ. ಅದನ್ನು ಕಡೆದ ಸಣ್ಣ ಗುಂಡುಗಳನ್ನು ಜಪಾನೀಯರು ಮುತ್ತಿನ ಸಿಂಪಿಯೊಳಗಿಟ್ಟು ಕೃಷಿಮುತ್ತು ಬೆಳೆಯಿಸಿದರು. ಹಿಗ್ಗಿನ್ಸ್ ಕಣ್ಣು ಎಂಬ ಜಾತಿಯ ಕಪ್ಪೆಚಿಪ್ಪು ೧೯೭೬ರಲ್ಲಿ ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿತು.

ಬಿಲ್ಲೆ ತೆಗೆದ ಮೇಲೆ ಉಳಿದ ಚಿಪ್ಪುಗಳನ್ನು ಊರಿನವರು ರಸ್ತೆಗೆ ಹಾಸಿದರು, ಹಳ್ಳ ತುಂಬಿದರು. ಮಸ್ಕಟೀನಿನಲ್ಲಿ ಗಿಡ ನೆಡಲೆಂದು ಗುಂಡಿ ತೋಡುವವರಿಗೆ, ಗುಂಡಿ ಕೊರೆದು ಬಿಟ್ಟ ಚಿಪ್ಪುಗಳು ಮಣ್ಣಿನಡಿಯಲ್ಲಿ ಸಿಕ್ಕುವುದುಂಟು.