ಜಾಜು ಮತ್ತು ಹುರಮಂಜು

ಸುಣ್ಣ ಬಳಿದ ಗೋಡೆಯ ಬುಡಕ್ಕೆ ಕೆಂಪು ಪಟ್ಟಿಯನ್ನೆಳೆಯುವ ಪದ್ಧತಿ ನಮ್ಮ ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯದು. ಅದಕ್ಕೆ ಕಾರಣೆ ಎಂದು ಹೆಸರು. ಈ ಕಾರಣೆಗೆ ಒದಗುವ ಕೆಂಪುಗಳಿಗೆ ಆಡುಮಾತಿನಲ್ಲಿ ಎರಡು ಹೆಸರುಗಳಿವೆ: ಜಾಜು ಮತ್ತು ಹುರಮಂಜು. ನೋಡಿದವರಿಗೆ ಎರಡೂ ಒಂದೇ ಎನಿಸಬಹುದು, ಬಳಿದವರಿಗೆ ಹಾಗಲ್ಲ. ಜಾಜು ಇಟ್ಟಿಗೆಯ ಕಡೆಗೆ ವಾಲಿದ ಕೆಂಪು. ಹುರಮಂಜು ಅದಕ್ಕಿಂತ ಗಾಢವಾದುದು.

ಜಾಜು ನೆಲದ ಮಾತು. ಹುರಮಂಜು ಕಡಲು ದಾಟಿ ಬಂದುದು. ಪಾರಸಿಕ ಕೊಲ್ಲಿಯ ಬಾಯಲ್ಲಿರುವ ಹೊರ್ಮುಜ್ ದ್ವೀಪದ ಮಣ್ಣು ರಕ್ತವರ್ಣದ್ದು. ಮರಾಠಿಯ ಹುರಮುಂಜಿ, ಹಿಂದಿಯ ಹಿರಮಿಜಿ, ನಮ್ಮ ಹುರಮಂಜು ಇವೆಲ್ಲ ಆ ದ್ವೀಪದ ಹೆಸರನ್ನೇ ಹೊತ್ತಿವೆ. 1347ರಲ್ಲಿ ಸ್ಥಾಪಿತವಾದ ಬಹಮನಿ ರಾಜ್ಯಕ್ಕೆ ಕುದುರೆಗಳು ಬರುತ್ತಿದ್ದುದು ಈ ಹಾದಿಯಿಂದಲೇ. 1470ರ ಸುಮಾರಿಗೆ ಬೀದರಿಗೆ ಬಂದ ರಷ್ಯದ ನಿಕಿತಿನ್ ಹಡಗು ಹತ್ತಿದ್ದೂ ಹೊರ್ಮುಜಿನಲ್ಲಿ. ರಾಜ್ಯಗಳು ಅಳಿದವು, ಬಂದರಿನ ಹೆಸರು ಒಲೆಯ ಮಗ್ಗುಲಿನ ಗೋಡೆಯ ಮೇಲೆ ಉಳಿಯಿತು.

ರಸಾಯನಶಾಸ್ತ್ರದ ದೃಷ್ಟಿಯಿಂದ ಎರಡರ ಕೆಂಪೂ ಕಬ್ಬಿಣದ ಆಕ್ಸೈಡಿನದೇ. ಕಣ ಸೂಕ್ಷ್ಮವಾದಷ್ಟೂ ಬಣ್ಣ ಕಿತ್ತಳೆಯ ಕಡೆಗೆ, ದಪ್ಪವಾದಷ್ಟೂ ನೇರಳೆಯ ಕಡೆಗೆ ಸರಿಯುತ್ತದೆ. ಜೇಡಿ ಬೆರೆತರೆ ತಿಳಿಯಾಗುತ್ತದೆ. ಸುಣ್ಣದ ಖಾರಕ್ಕೆ ಅನೇಕ ಬಣ್ಣಗಳು ಸೋಲುತ್ತವೆ, ಇದು ಸೋಲದು. ಚಿಂಚೋಳಿಯ ಎತ್ತರದಲ್ಲಿ ಜಂಬಿಟ್ಟಿಗೆಯ ಕೆಂಪು ನೆಲ. ಕೆಳಗೆ ಸೇಡಂ, ಚಿತ್ತಾಪುರ, ಶಹಾಬಾದಗಳಲ್ಲಿ ಸುಣ್ಣದ ಕಲ್ಲು. ಕಾರಣೆಗೆ ಬೇಕಾದ ಕೆಂಪು, ಬಿಳುಪು ಎರಡನ್ನೂ ಒಂದೇ ಸೀಮೆ ಕೊಟ್ಟಂತಾಯಿತು.

ಆ ಕಲ್ಲೇ ಸಿಮೆಂಟಿಗೂ ಮೂಲ. ಶಹಾಬಾದಿನಲ್ಲಿ ಮೊದಲು, 1968ರಲ್ಲಿ ವಾಡಿಯಲ್ಲಿ, ಕಾರ್ಖಾನೆಗಳು ಎದ್ದವು. ಸಿಮೆಂಟಿನ ಸಂಗಡ ಮೂರನೆಯ ಕೆಂಪೊಂದು ಮನೆಯೊಳಗೆ ಕಾಲಿಟ್ಟಿತು: ನೆಲಕ್ಕೆ ಹಾಕುವ ರೆಡ್ ಆಕ್ಸೈಡ್. ವಸ್ತು ಅದೇ, ಆದರೆ ಕಾರ್ಖಾನೆಯಲ್ಲಿ ತಯಾರಾದುದಕ್ಕೆ ಊರಿನ ಹೆಸರಿಲ್ಲ. ಇಂದಿನ ಬಣ್ಣದ ಡಬ್ಬಿಗಳ ಮೇಲಂತೂ ಅಂಕಿಗಳೇ ಗುರುತು.

ಹಾಗಾದರೆ ಮನೆಗೆ ಯಾವ ಕೆಂಪು ಲೇಸು? ಮಬ್ಬುಬೆಳಕಿನಲ್ಲಿ ನಮ್ಮ ಕಣ್ಣಿಗೆ ಕೆಂಪು ಬೇಗ ಕಪ್ಪಿಡುತ್ತದೆ. ಆದುದರಿಂದ ಕಿರುಗಿಂಡಿಯ ಕಲ್ಲುಮನೆಯ ಒಳಕೋಣೆಗೆ ಜಾಜು ಒಪ್ಪುತ್ತದೆ. ಬಿಸಿಲು ಬೀಳುವ ಪಡಸಾಲೆಗೆ, ಬೂದುಬಣ್ಣದ ಶಹಾಬಾದಿ ಹಾಸುಗಲ್ಲಿನ ಪಕ್ಕಕ್ಕೆ, ಹುರಮಂಜು. ಎರಡು ಹೆಸರುಗಳಿದ್ದವರು ಈ ಭೇದವನ್ನು ಅರಿತು ಬಳಸಬಲ್ಲರು. ಹೆಸರು ಒಂದೇ ಆದ ದಿನ ಅದು ಕಣ್ಣಿಗೂ ಕಾಣದೆ ಹೋದೀತು.