ಸೋದರಿಕೆ ಮದುವೆ ಮತ್ತು ಕಂಪವಾತ: ಯಾದಗಿರಿ ಪರಿಸರದ ಒಂದು ನೋಟ

ಅಕ್ಕನ ಮಗಳನ್ನು ತಮ್ಮನಿಗೆ ತಂದುಕೊಳ್ಳುವ ರೂಢಿ ಯಾದಗಿರಿ, ಶಹಾಪುರ, ಸುರಪುರಗಳ ಗ್ರಾಮಜೀವನಕ್ಕೆ ಹೊಸತಲ್ಲ. 2009ರ ಡಿಸೆಂಬರ್‌ವರೆಗೆ ಗುಲ್ಬರ್ಗಾ ಜಿಲ್ಲೆಗೆ ಸೇರಿದ್ದ ಈ ತಾಲೂಕುಗಳ ಮದುವೆಯ ಹಾಡುಗಳಲ್ಲಿ ಸೋದರಮಾವನ ಮೇಲೆ ಹೂಡುವ ಹಕ್ಕು, ಸಲುಗೆ ಬೇರೆ ಬಂಧುಗಳಿಗೆ ಸಲ್ಲುವುದು ವಿರಳ.

ರೂಢಿಯ ಬೇರು ಹಳೆಯದು. ಸೋದರಮಾವನ ಮಗಳನ್ನೂ ಸೋದರತ್ತೆಯ ಮಗಳನ್ನೂ ವರಿಸುವುದು ದಕ್ಷಿಣದವರ ಆಚಾರವೆಂದು ಬೌಧಾಯನ ಧರ್ಮಸೂತ್ರ ಹೇಳುತ್ತದೆ. ಸಮೀಪದ ಮಳಖೇಡದಿಂದ ಆಳಿದ ರಾಷ್ಟ್ರಕೂಟರಲ್ಲಿ ಇಮ್ಮಡಿ ಕೃಷ್ಣನು ಕಳಚುರಿ ಕೊಕ್ಕಲ್ಲನ ಮಗಳನ್ನು ಮದುವೆಯಾದನು. ಅವನ ಮಗ ಜಗತ್ತುಂಗನು ಸೋದರಮಾವ ರಣವಿಗ್ರಹನ ಮಗಳಾದ ಲಕ್ಷ್ಮಿಯನ್ನು ವರಿಸಿದನು. ಇವರ ಮಗ ಮುಮ್ಮಡಿ ಇಂದ್ರನೂ ಅದೇ ಕಳಚುರಿ ಮನೆತನದ ವಿಜಾಂಬೆಯನ್ನು ತಂದುಕೊಂಡನು. ಅರಮನೆಗೆ ರಾಜ್ಯದ ಲೆಕ್ಕವಿದ್ದರೆ ಒಕ್ಕಲು ಮನೆಗೆ ಹೊಲದ ಲೆಕ್ಕ. ಮಗಳು ಕಣ್ಣಳತೆಯಲ್ಲಿ ಉಳಿಯುವಳೆಂಬ ತಾಯಂದಿರ ಸಮಾಧಾನ ಮಾತ್ರ ಶಾಸನಗಳಲ್ಲಿ ಸಿಗುವುದಿಲ್ಲ.

ಈ ರೂಢಿಯನ್ನು ಜೀವವಿಜ್ಞಾನ ಬೇರೊಂದು ದಿಕ್ಕಿನಿಂದ ಮುಟ್ಟಿದೆ. ಎಳೆಯ ವಯಸ್ಸಿನಲ್ಲಿಯೇ ಕಂಪವಾತ, ಅಂದರೆ ಪಾರ್ಕಿನ್ಸನ್ ಲಕ್ಷಣಗಳು ತೋರಿದ ಜಪಾನಿನ ಕುಟುಂಬಗಳಲ್ಲಿ 1998ರಲ್ಲಿ ‘ಪಾರ್ಕಿನ್’ ಜೀನು ಪತ್ತೆಯಾಯಿತು. ಅದರಿಂದ ತಯಾರಾಗುವ ಪ್ರೋಟೀನು ಯುಬಿಕ್ವಿಟಿನ್ ಲೈಗೇಸ್ ವರ್ಗದ್ದೆಂದು 2000ದಲ್ಲಿ ತಿಳಿಯಿತು. ಅಗಸರು ಕೇರುಕಾಯಿಯ ರಸದಿಂದ ಬಟ್ಟೆಗೆ ಗುರುತು ಹಾಕುವಂತೆ, ಈ ಲೈಗೇಸುಗಳು ಜೀವಕೋಶದಲ್ಲಿ ಕೆಟ್ಟ ಪ್ರೋಟೀನುಗಳಿಗೆ ಯುಬಿಕ್ವಿಟಿನ್ ಎಂಬ 76 ಅಮೈನೋ ಆಮ್ಲಗಳ ಗುರುತನ್ನು ಅಂಟಿಸುತ್ತವೆ. ವ್ಯತ್ಯಾಸವಿಷ್ಟೆ: ಅಗಸರ ಬಟ್ಟೆ ಮನೆಗೆ ಮರಳುತ್ತದೆ, ಗುರುತು ಬಿದ್ದ ಪ್ರೋಟೀನು ಬಹುಮಟ್ಟಿಗೆ ಒಡೆದುಹೋಗುತ್ತದೆ. ಈ ವ್ಯವಸ್ಥೆಯ ಶೋಧಕರಾದ ಸೀಕನೋವರ್, ಹರ್ಷ್ಕೊ, ರೋಸ್ ಅವರಿಗೆ 2004ರ ರಸಾಯನಶಾಸ್ತ್ರದ ನೊಬೆಲ್ ದೊರೆಯಿತು.

ಪಾರ್ಕಿನ್ ಕಾಯಿಲೆ ಬರಬೇಕಾದರೆ ತಂದೆ, ತಾಯಿ ಇಬ್ಬರಿಂದಲೂ ದೋಷಯುಕ್ತ ಪ್ರತಿಯೇ ಬರಬೇಕು. ಒಂದೊಂದು ಪ್ರತಿ ಮಾತ್ರ ಇರುವ ದಂಪತಿ ಸಾಮಾನ್ಯವಾಗಿ ಆರೋಗ್ಯವಾಗಿರುತ್ತಾರೆ. ಅವರ ಪ್ರತಿ ಮಗುವಿಗೂ ಕಾಯಿಲೆಯ ಸಂಭವ ನಾಲ್ಕರಲ್ಲಿ ಒಂದು. ಪೂರ್ವಜರ ಒಂದೇ ಪ್ರತಿ ಎರಡೂ ಕಡೆಯಿಂದ ಮಗುವಿನಲ್ಲಿ ಕೂಡುವ ಪ್ರಮಾಣ ಮಾವ-ಸೊಸೆಯರ ಮದುವೆಯಲ್ಲಿ 1/8, ಸೋದರಮಾವ-ಸೋದರತ್ತೆಯ ಮಕ್ಕಳ ಮದುವೆಯಲ್ಲಿ 1/16.

ಕ್ಷೇತ್ರಕಾರ್ಯದಲ್ಲಿ ನಾನು ಪದೇ ಪದೇ ಕೇಳಿದ ಮಾತು ‘ಕಾಲ್ಗುಣ’. ಮಗು ಕುಂಟಿದರೂ ಕೈ ನಡುಗಿದರೂ ಹೊಣೆ ಸೊಸೆಯದು. ಆದರೆ ಸೋದರಮಾವನ ಕೈಹಿಡಿದವಳಲ್ಲಿ ಅದೇ ಪ್ರತಿ ಇದ್ದರೆ, ಅದು ಅವಳಿಗೆ ಬಂದಿರುವುದು ಸಾಮಾನ್ಯವಾಗಿ ಅವಳ ತಾಯಿಯಿಂದ, ಎಂದರೆ ಗಂಡನ ಅಕ್ಕನಿಂದ. ಅಕ್ಕ, ತಮ್ಮ ಇಬ್ಬರಿಗೂ ಕೊಟ್ಟವರು ಅದೇ ಮನೆಯ ಹಿರಿಯರು. ಶಾಪ ಹೊರಗಿನಿಂದ ಬಂತೆನ್ನುವ ಅತ್ತೆಯೇ ಅವಳಿಗೆ ಅಜ್ಜಿ.

ಎಲ್ಲವನ್ನೂ ಸೋದರಿಕೆಗೆ ಕಟ್ಟುವುದೂ ತಪ್ಪು. ಮಾತು ಬಾರದ, ನಡಿಗೆ ತಡವರಿಸುವ, ಸದಾ ನಗುವ ಮಕ್ಕಳನ್ನು ಆಂಗ್ಲ ವೈದ್ಯ ಏಂಜಲ್‌ಮನ್ 1965ರಲ್ಲಿ ವರ್ಣಿಸಿದರು. ಇದರ ಮೂಲ ಯುಬಿಇ3ಎ ಎಂಬ ಮತ್ತೊಂದು ಲೈಗೇಸ್ ಜೀನಿನಲ್ಲಿದೆಯೆಂದು 1997ರಲ್ಲಿ ತಿಳಿಯಿತು. ಮಿದುಳಿನ ನರಕೋಶಗಳಲ್ಲಿ ಇದರ ತಾಯಿಯ ಪ್ರತಿಯೊಂದೇ ಕೆಲಸ ಮಾಡುತ್ತದೆ. ಆದರೂ ಬಹುಪಾಲು ಪ್ರಕರಣಗಳಲ್ಲಿ ಆ ಲೋಪ ಹೊಸದಾಗಿ ಉಂಟಾದದ್ದು. ಮದುವೆಯ ಬಗೆಗೂ ತಾಯಿಯ ನಡತೆಗೂ ಸಂಬಂಧಿಸಿದ್ದಲ್ಲ.

ಕಂಪವಾತಕ್ಕೆ ದೇಸಿ ವೈದ್ಯರು ಕೊಡುತ್ತಿದ್ದ ನಸುಗುನ್ನಿ ಬೀಜದಲ್ಲಿ ಎಲ್-ಡೋಪಾ ಇರುವುದನ್ನು 1937ರಲ್ಲಿ ಮದ್ರಾಸಿನಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ತೋರಿಸಿದ್ದರು. ಇಂದು ಪಾರ್ಕಿನ್ ದೋಷದ ರೋಗಿಗಳಿಗೂ ಕೊಡುವ ಮುಖ್ಯ ಔಷಧ ಅದೇ.