‘ಊರು’ ಶಬ್ದವೂ ಸ್ಥಳನಾಮಗಳ ಸಾಕ್ಷ್ಯವೂ

ಮಲಾಡ್ ನಿಲ್ದಾಣದ ಹಲಗೆಯನ್ನು ಮೊದಲ ಸಲ ಓದುವ ಕನ್ನಡಿಗನಿಗೆ, ಅದರಲ್ಲಿಯೂ ತೀರ್ಥಹಳ್ಳಿ, ಶೃಂಗೇರಿಗಳ ಕಡೆಯಿಂದ ಬಂದವನಿಗೆ, ಮಲೆನಾಡು ನೆನಪಾಗದಿರದು. ಚೆಂಬೂರಿಗೆ ಹೋದರೆ ಅಲ್ಲಿಯೂ ಒಂದು ‘ಊರು’ ಕಿವಿಗೆ ಬೀಳುತ್ತದೆ. ಕನ್ನಡನಾಡು ಗೋದಾವರಿಯವರೆಗೆ ಹಬ್ಬಿತ್ತೆಂಬ ಕವಿರಾಜಮಾರ್ಗದ ಮಾತನ್ನು ಬಲ್ಲ ಪರಸ್ಥಳದ ಕನ್ನಡಿಗರಿಗೆ ಇಂಥ ಹೆಸರುಗಳು ಬರಿಯ ಹೆಸರುಗಳಾಗಿ ಉಳಿಯುವುದಿಲ್ಲ, ಹಕ್ಕುಪತ್ರಗಳಂತೆ ತೋರುತ್ತವೆ. ಶಂ. ಬಾ. ಜೋಶಿಯವರು ಮಹಾರಾಷ್ಟ್ರದಲ್ಲಿ ಕನ್ನಡದ ಕುರುಹುಗಳನ್ನು ಅರಸಿದ ಮೇಲೆ ಈ ಆಸಕ್ತಿ ಬೆಳೆದುದು ಸಹಜವೇ. ಆದರೆ ಪತ್ರವನ್ನು ಮಂಡಿಸುವ ಮುನ್ನ ಅದರ ಸಹಿಯನ್ನು ಪರೀಕ್ಷಿಸಬೇಕಷ್ಟೆ.

‘ಊರು’ ಶಬ್ದವನ್ನೇ ತೆಗೆದುಕೊಳ್ಳಬಹುದು. ಗ್ರಾಮ, ಪಟ್ಟಣವೆಂಬ ಅರ್ಥದಲ್ಲಿ ಇದು ಅಚ್ಚ ದ್ರಾವಿಡ. ತಮಿಳು, ಮಲೆಯಾಳಗಳಲ್ಲಿ ‘ಊರ್’, ತೆಲುಗು, ತುಳುಗಳಲ್ಲಿ ‘ಊರು’. ಆದರೆ ಕನ್ನಡದೊಳಗೇ ಇದಕ್ಕೆ ಸೋಗಿನ ಜ್ಞಾತಿಗಳುಂಟು. ‘ಕಾಲೂರು’ ಎಂಬಲ್ಲಿಯ, ನೆಡು ಎಂಬರ್ಥದ ಕ್ರಿಯಾಪದ ಹಳಗನ್ನಡದಲ್ಲಿ ‘ಊಱು’. ನೀರು ಜಿನುಗು ಎಂಬರ್ಥದ ಪದವೂ ‘ಊಱು’. ಗ್ರಾಮವಾಚಕ ‘ಊರ್’ ಶಬ್ದದಲ್ಲಿರುವುದಾದರೋ ಸಾಮಾನ್ಯ ರೇಫ. ಶಕಟರೇಫವು ಬಳಕೆಯಿಂದ ಬಿದ್ದುಹೋದುದರಿಂದ ಬೇರೆಬೇರೆ ಮನೆಯವರು ಒಂದೇ ಹೆಸರಿನವರಾದರು. ಹಳೆಯ ಲಿಪಿಯ ಒಂದಕ್ಷರ ಉಳಿಯದೇ ಇದ್ದಿದ್ದರೆ ಈ ಭೇದವನ್ನು ಕನ್ನಡದ ಬರಹದಿಂದಲೇ ಕಾಣಿಸುವುದು ಸಾಧ್ಯವಿರಲಿಲ್ಲ.

ಸಂಸ್ಕೃತದ ‘ಊರು’ ತೊಡೆ. ಭಾಸನ ಹೆಸರಿನಲ್ಲಿರುವ ಊರುಭಂಗ ನಾಟಕದಲ್ಲಿ ಮುರಿಯುವುದು ದುರ್ಯೋಧನನ ತೊಡೆಯೇ ಹೊರತು ಹಸ್ತಿನಾವತಿಯಲ್ಲ. ಮಲಾಡಿನ ನೆರೆಮನೆಯ ಮರಾಠಿಗರು ‘ಊರ ಭರೂನ ಆಲಾ’ ಎಂದರೆ ಎದೆ ತುಂಬಿ ಬಂತೆಂದರ್ಥ. ಅದು ಸಂಸ್ಕೃತದ ‘ಉರಸ್’ ಶಬ್ದದ ತದ್ಭವ, ತೊಡೆಗೂ ಅದಕ್ಕೂ ಸಂಬಂಧವಿಲ್ಲ. ಯುರೋಪಿನ ಬಾಸ್ಕ್ ಭಾಷೆಯಲ್ಲಿ ‘ಉರ್’ ಎಂದರೆ ನೀರು. ಜರ್ಮನ್ ಭಾಷೆಯಲ್ಲಿ ಅದು ‘ಆದಿಯ’ ಎಂಬರ್ಥದ ಪೂರ್ವಪ್ರತ್ಯಯ.

ಹೆಚ್ಚು ಮೋಹಕವಾದುದು ಸುಮೇರಿಯದ ಸಾದೃಶ್ಯ. ಲಿಯೊನಾರ್ಡ್ ವೂಲಿಯವರು 1922ರಿಂದ 1934ರವರೆಗೆ ಇರಾಕಿನಲ್ಲಿ ಉತ್ಖನನ ಮಾಡಿದ ನಗರ ‘ಉರ್’. ಸುಮೇರಿಯನ್ನರ ನುಡಿಯಲ್ಲಿ ನಗರಕ್ಕೆ ‘ಉರು’ ಎಂಬ ಶಬ್ದ. ಧ್ವನಿಯೂ ಅರ್ಥವೂ ಕೂಡಿ ಬಂದಾಗ ಯಾರಿಗೆ ತಾನೆ ಆಸೆ ಹುಟ್ಟದು? ಆದರೆ ಆ ನಗರದ ಸುಮೇರಿಯನ್ ಹೆಸರು ‘ಉರಿಮ್’. ನಗರವಾಚಕವು ಬೇರೆಯ ಶಬ್ದ, ಅದನ್ನು ‘ಇರಿ’ ಎಂದು ಓದುವ ವಿದ್ವಾಂಸರೂ ಇದ್ದಾರೆ. ಒಂದೆರಡು ಅಕ್ಷರಗಳ ಪದಗಳು ಹೀಗೆ ಕಾಕತಾಳೀಯವಾಗಿ ಕೂಡುವುದು ಅಪರೂಪವಲ್ಲ. ಕನ್ನಡದ ಹಾಲು, ಹಲ್ಲು, ಹತ್ತುಗಳಿಗೆ ತಮಿಳಿನಲ್ಲಿ ತಪ್ಪದೆ ಪಕಾರವೇ ಎದುರು ನಿಲ್ಲುವಂತೆ ಸಾಲುಸಾಲಾಗಿ ನಿಯಮ ಕಂಡಾಗ ಮಾತ್ರ ಬಾಂಧವ್ಯದ ಮಾತು.

ಸ್ಥಳನಾಮಗಳಲ್ಲಿ ಅಪಾಯ ಇನ್ನೂ ಹೆಚ್ಚು. ಆಂಧ್ರದ ಚಿತ್ತೂರಿನ ಕೊನೆಯಲ್ಲಿರುವುದು ನಿಜವಾಗಿ ‘ಊರು’. ರಾಜಸ್ಥಾನದ ಚಿತ್ತೋರ್ ಇಂಗ್ಲಿಷ್ ಅಕ್ಷರಗಳಲ್ಲಿ ಅದರ ಅವಳಿಯಂತೆ ಕಂಡರೂ ಅಲ್ಲಿಯವರ ಬಾಯಲ್ಲಿ ಅದು ಚಿತ್ತೌಡ. ಅದರ ಮೂಲ ‘ಚಿತ್ರಕೂಟ’. ಇದಕ್ಕೆ ಸಾಕ್ಷ್ಯವನ್ನು ದೂರ ಹುಡುಕಬೇಕಾಗಿಲ್ಲ. ರಾಷ್ಟ್ರಕೂಟ ಅಮೋಘವರ್ಷನ ಕಾಲದ, 866ರ ನೀಲಗುಂದ ಶಾಸನವು ಅವನ ತಂದೆ ಮೂರನೆಯ ಗೋವಿಂದನ ವಿಜಯಗಳನ್ನು ಹೇಳುವಾಗ ಚಿತ್ರಕೂಟ ಗಿರಿದುರ್ಗವನ್ನು ಹೆಸರಿಸುತ್ತದೆ. ಹಲವು ವಿದ್ವಾಂಸರು ಅದನ್ನು ಚಿತ್ತೌಡವೆಂದೇ ಗುರುತಿಸಿದ್ದಾರೆ. ಕನ್ನಡನಾಡಿನ ಕಲ್ಲೇ ಅಲ್ಲಿ ‘ಊರು’ ಇಲ್ಲವೆಂದು ಸಾರುತ್ತಿರುವಾಗ ಕನ್ನಡಿಗನು ಉಂಟೆನ್ನುವುದು ಹೇಗೆ?

ಪ್ರಾಕೃತದಲ್ಲಿ ಸ್ವರಗಳ ನಡುವಣ ಪಕಾರ ಲೋಪಿಸಿ ‘ಪುರ’ವು ‘ಉರ’ವಾಗುವುದೂ ಉಂಟು. ಆದಕಾರಣ ಚೆಂಬೂರಿನಂಥ ಹೆಸರು ಕನ್ನಡದ್ದೋ ಅಲ್ಲವೋ ಎಂಬುದನ್ನು ಕೊನೆಯ ‘ಊರ್’ ಒಂದರಿಂದಲೇ ನಿರ್ಣಯಿಸಲಾಗದು. ಹಳೆಯ ದಾನಪತ್ರಗಳಲ್ಲಿ ಅದರ ರೂಪ ಯಾವುದೆಂದು ಮೊದಲು ಕೇಳಬೇಕು. ಕೊಂಕಣದ ಶಿಲಾಹಾರರು ರಾಷ್ಟ್ರಕೂಟರ ಸಾಮಂತರಾಗಿದ್ದರೆಂಬುದು ಶಾಸನಸಿದ್ಧ ಸಂಗತಿ. ಅಂಥ ಗಟ್ಟಿ ಆಧಾರದ ಪಕ್ಕದಲ್ಲಿ ಒಂದು ಸುಳ್ಳು ವ್ಯುತ್ಪತ್ತಿಯನ್ನಿಟ್ಟರೆ, ಪ್ರತಿವಾದಿಯು ಸುಳ್ಳನ್ನು ತೋರಿಸಿ ನಿಜವನ್ನೂ ತಳ್ಳಿಹಾಕುತ್ತಾನೆ. ಗಡಿಯ ವಾದಗಳಲ್ಲಿ ಇದರಿಂದಾಗುವ ನಷ್ಟ ಕನ್ನಡಕ್ಕೇ.

ಮಲಾಡಿನ ವಿಷಯಕ್ಕೆ ಬಂದರೆ, ಮರಾಠಿಗರು ಅದನ್ನು ‘ಮಾಲಾಡ’ ಎಂದು ಬರೆಯುತ್ತಾರೆ, ಮೊದಲಕ್ಷರ ದೀರ್ಘ. ‘ಮಲೆ’ಯ ಮಕಾರ ಹ್ರಸ್ವ; ‘ನಾಡು’ ಶಬ್ದದ ನಕಾರ ಎಲ್ಲಿ ಹೋಯಿತೆಂಬುದಕ್ಕೂ ಸಮಾಧಾನ ಹೇಳಬೇಕಾಗುತ್ತದೆ. ಕನ್ನಡಿಗನನ್ನು ಮಲೆನಾಡಿಗೆ ಕರೆದೊಯ್ದ ಹ್ರಸ್ವಾಕ್ಷರವು ಇಂಗ್ಲಿಷ್ ಹಲಗೆಯನ್ನು ಓದಿದ ಬಗೆಯಿಂದ ಬಂದುದು.